ಕುಸ್ತಿಯೇ ಸರಿಯಾಗಿ ಬಾರದ ದೈತ್ಯರನ್ನು ಅಮೆರಿಕದ ಕುಸ್ತಿ ಪ್ರದರ್ಶನದ ಕಂಪನಿ ಡಬ್ಲ್ಯುಡಬ್ಲ್ಯುಇ ಯಾಕೆ ಇಟ್ಟುಕೊಳ್ಳುತ್ತದೆ?

ನಮ್ಮ ಮಂಗಳೂರು ಕಡೆಯವರಿಗೆ ಇದು ಬೇಗ ಅರ್ಥವಾಗಬೇಕು. ತೆಂಕುತಿಟ್ಟಿನ ಯಕ್ಷಗಾನ ಆಟದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸನ ವೇಷ, ನೋಡಿದ್ದೀರಿ ಅಲ್ವಾ? ನಡುರಾತ್ರಿ, ಹಿಡಿದ ತೆರೆಯ ಹಿಂದಿನಿಂದ ಒಂದು ಆರ್ಭಟ ಬಂದರೆ ಸಾಕು, ಎದುರಿನ ಸಾಲಲ್ಲಿ ತೂಕಡಿಸುತ್ತಿದ್ದ ಮಕ್ಕಳೆಲ್ಲ ಅಮ್ಮನ ಮಡಿಲಿಗೆ. ಆ ವೇಷ ಚುರುಕಾಗಿ ಗಿರಕಿ ಹೊಡೆಯಬೇಕಂತ ಯಾರೂ ಕೇಳುವುದಿಲ್ಲ.

ದೈತ್ಯ ಕುಸ್ತಿಪಟುವಿನ ಕೆಲಸವೂ ಅದೇ. ಪಂದ್ಯದ ಫಲಿತಾಂಶ ಮೊದಲೇ ತೀರ್ಮಾನವಾಗಿರುತ್ತದೆ, ಹಾಗಾಗಿ ಬೇಕಾಗಿರುವುದು 'ಇವನನ್ನು ಹೇಗಪ್ಪಾ ಸೋಲಿಸೋದು' ಎನ್ನುವ ಭಯ. 1987ರಲ್ಲಿ, ಕಂಪನಿಯ ವರ್ಷದ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾದ ಮೂರನೇ ಆವೃತ್ತಿಯಲ್ಲಿ, ಹಲ್ಕ್ ಹೋಗನ್ ಆಂಡ್ರೆ ದಿ ಜೈಂಟ್‌ನನ್ನು ಎತ್ತಿ ಕೆಡವಿದ್ದು ಇಂದಿಗೂ ಜನರ ಬಾಯಲ್ಲಿದೆ. ಕಂಪನಿ ಹೇಳುತ್ತಿದ್ದ ಲೆಕ್ಕದಲ್ಲಿ ಆಂಡ್ರೆ 7 ಅಡಿ 4 ಇಂಚು, 520 ಪೌಂಡ್, ಅಂದರೆ ಸುಮಾರು 236 ಕಿಲೋ (ಇಂಥ ಲೆಕ್ಕದಲ್ಲಿ ಸ್ವಲ್ಪ ಉಪ್ಪುಖಾರ ಜಾಸ್ತಿಯೇ ಇರುತ್ತದೆ, ಬಿಡಿ). ಆದರೆ ಅಷ್ಟು ಭಾರದವನು ಸಹಕರಿಸದೆ ಸುಮ್ನೆ ನಿಂತರೆ ಎತ್ತೋದು ಭಾರೀ ಕಷ್ಟ. ತೂಕವನ್ನು ಎದುರಾಳಿಯ ಹೆಗಲ ಮೇಲೆ ಹದವಾಗಿ ಬಿಟ್ಟುಕೊಡುವುದು, ಬೀಳುವಾಗ ಅವನ ಮೇಲೆ ಬೀಳದಿರುವುದು, ಇದೆಲ್ಲ ದೈತ್ಯನದೇ ಜವಾಬ್ದಾರಿ. ಕುಸ್ತಿ ಬಾರದವನಿಗೆ ಇದು ಆಗುತ್ತದಾ?

ಮತ್ತೆ ಆಂಡ್ರೆ ಅಷ್ಟು ನಿಧಾನ ಯಾಕೆ ಅಂದರೆ, ಅವನಿಗೆ ಇದ್ದದ್ದು ಅಕ್ರೊಮೆಗಲಿ, ಬೆಳವಣಿಗೆಯ ಹಾರ್ಮೋನ್ ವಿಪರೀತವಾಗುವ ಕಾಯಿಲೆ. ಬೆನ್ನು ನೋವಿನಲ್ಲೇ ಆಡುತ್ತಿದ್ದ ಅವನು 1993ರಲ್ಲಿ, 46ನೇ ವಯಸ್ಸಿಗೇ ತೀರಿಹೋದ. ನಮ್ಮ ಹಿಮಾಚಲದ ಗ್ರೇಟ್ ಖಲಿಯನ್ನೂ ನಿಧಾನ ಅಂತ ಎಲ್ಲರೂ ಆಡಿಕೊಂಡರು, 2007ರಲ್ಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಬೆಲ್ಟ್ ಮಾತ್ರ ಅವನ ಸೊಂಟದಲ್ಲಿತ್ತು.