ಲ್ಯಾಪ್‌ಟಾಪ್ ಪದೇ ಪದೇ ಕ್ರ್ಯಾಶ್ ಆಗುತ್ತಿದೆ: ಕೆಟ್ಟಿರುವುದು ಯಾವ ಭಾಗ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಕೊಂಡು ಐದು ವರ್ಷವಾಯಿತು. ಕೆಲವು ತಿಂಗಳಿಂದ ಅದು ಕೆಲಸದ ನಡುವೆ ಒಮ್ಮೊಮ್ಮೆ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗುತ್ತದೆ, ಇನ್ನು ಕೆಲವೊಮ್ಮೆ ಯಾವ ಸೂಚನೆಯೂ ಇಲ್ಲದೆ ಆಫ್ ಆಗಿಬಿಡುತ್ತದೆ. ವಿಂಡೋಸನ್ನು ಹೊಸದಾಗಿ ಹಾಕಿಸಿದರೂ ತೊಂದರೆ ಹೋಗಲಿಲ್ಲ. ರಿಪೇರಿಯವರು ಮದರ್‌ಬೋರ್ಡ್ ಬದಲಿಸಬೇಕೆನ್ನುತ್ತಾರೆ. ಅಷ್ಟು ಖರ್ಚು ಮಾಡುವ ಮೊದಲು ನಾನೇ ಪರೀಕ್ಷಿಸಿ ನೋಡಬಹುದೇ?

ಉತ್ತರ: ಖಂಡಿತ ನೋಡಬಹುದು. ಆ ಪರೀಕ್ಷೆಗಳು ಮುಗಿಯುವವರೆಗೆ ಮದರ್‌ಬೋರ್ಡ್ ಬದಲಿಸಲು ಒಪ್ಪಿಗೆ ಕೊಡಬೇಡಿ. ರ‍್ಯಾಮ್ (ಕೆಲಸದ ಹೊತ್ತಿಗೆ ಬಳಸುವ ಮೆಮೊರಿ), ಡಿಸ್ಕ್, ಬಿಸಿ, ವಿದ್ಯುತ್ ಪೂರೈಕೆ ಈ ನಾಲ್ಕರಲ್ಲಿಯೂ ದೋಷವಿಲ್ಲವೆಂದು ಖಚಿತವಾದ ಮೇಲಷ್ಟೇ ಮದರ್‌ಬೋರ್ಡಿನ ಮೇಲೆ ಅನುಮಾನ ಪಡುವುದು ನ್ಯಾಯ. ಆದರೆ ಏನನ್ನೇ ಮುಟ್ಟುವ ಮೊದಲು ನಿಮ್ಮ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಬ್ಯಾಕಪ್ ಮಾಡಿಕೊಳ್ಳಿ. ಕೆಟ್ಟಿರುವುದು ಡಿಸ್ಕೇ ಆಗಿದ್ದರೆ ಪರೀಕ್ಷೆಯ ಹೊರೆಯನ್ನು ಅದು ತಾಳಿಕೊಳ್ಳುತ್ತದೆ ಎಂಬ ಭರವಸೆಯಿಲ್ಲ.

ಯಂತ್ರ ಹೇಗೆ ನಿಲ್ಲುತ್ತದೆ ಎಂಬುದೇ ಮೊದಲ ಸುಳಿವು. ನೀಲಿ ಪರದೆ ಬಂದಿತೆಂದರೆ, ತಪ್ಪು ನಡೆದದ್ದು ವಿಂಡೋಸಿನ ಗಮನಕ್ಕೆ ಬಂದಿದೆ ಮತ್ತು ಅದನ್ನು ಬರೆದಿಡಲು ಸಮಯವೂ ಸಿಕ್ಕಿದೆ ಎಂದರ್ಥ. ಪರದೆ ದಿಢೀರನೆ ಕಪ್ಪಾಗಿ ಫ್ಯಾನ್ ಕೂಡ ಅದೇ ಕ್ಷಣಕ್ಕೆ ನಿಂತರೆ ವಿದ್ಯುತ್ ಕಡಿದುಹೋಗಿರಬೇಕು, ಇಲ್ಲವೇ ಅತಿಯಾಗಿ ಬಿಸಿಯಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ಎಲ್ಲವನ್ನೂ ನಿಲ್ಲಿಸಿರಬೇಕು. ಪ್ರತಿ ಸಲವೂ ಸಮಯ, ಆಗ ಮಾಡುತ್ತಿದ್ದ ಕೆಲಸ, ಚಾರ್ಜರ್ ಹಾಕಿತ್ತೋ ಇಲ್ಲವೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ.

ಅನಂತರ ವಿಂಡೋಸಿನಲ್ಲೇ ಇರುವ, ಯಂತ್ರದ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಅಡಿಯಲ್ಲಿರುವ ಸಿಸ್ಟಮ್ ವಿಭಾಗದಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆಯನ್ನು ಹುಡುಕಿ. ಹೆಸರಿನಲ್ಲಿ ಪವರ್ ಎಂದಿರುವುದರಿಂದ ಹಲವರು ಇದನ್ನು ಓದಿ ಚಾರ್ಜರ್ ಬದಲಿಸುತ್ತಾರೆ. ಅದು ತಪ್ಪು, ಹಿಂದಿನ ಸಲ ಯಂತ್ರ ಕ್ರಮವಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಆ ದಾಖಲೆ ಹೇಳುತ್ತದೆ. ಕೆಲಸಕ್ಕೆ ಬರುವ ವಿಷಯವಿರುವುದು ಅದರ ಡೀಟೇಲ್ಸ್ ಪುಟದಲ್ಲಿ. ಅಲ್ಲಿ ಬಗ್‌ಚೆಕ್‌ಕೋಡ್ ಎಂಬ ಸಾಲಿನ ಮುಂದೆ 0 ಇದ್ದರೆ ದೋಷವನ್ನು ದಾಖಲಿಸಲು ವಿಂಡೋಸಿಗೆ ಅವಕಾಶವೇ ಸಿಗಲಿಲ್ಲ, ಅಂದರೆ ವಿದ್ಯುತ್ ತಪ್ಪಿದೆ ಅಥವಾ ಯಂತ್ರ ಪೂರ್ತಿ ಸ್ತಬ್ಧವಾಗಿದೆ. 26 ಇದ್ದರೆ ಮೆಮೊರಿ ನಿರ್ವಹಣೆಯ ದೋಷ, 122 ಇದ್ದರೆ ಡಿಸ್ಕಿನಿಂದ ದತ್ತಾಂಶ ಓದುವಲ್ಲಿ ವೈಫಲ್ಯ, 292 ಇದ್ದರೆ ಹಾರ್ಡ್‌ವೇರೇ ವರದಿ ಮಾಡಿದ ಸರಿಪಡಿಸಲಾಗದ ದೋಷ. ಕೆಟ್ಟ ಡ್ರೈವರ್ (ಹಾರ್ಡ್‌ವೇರನ್ನು ನಡೆಸುವ ತಂತ್ರಾಂಶ) ಕೂಡ 26ನ್ನು ತರಬಲ್ಲದು, ಹಾಗಾಗಿ ಈ ಸಂಖ್ಯೆ ದಿಕ್ಕು ತೋರಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ.

ವಿಂಡೋಸ್ ಹೊಸದಾಗಿ ಹಾಕಿದಾಗ ಹಳೆಯ ಡ್ರೈವರ್‌ಗಳೇ ಮರಳಿ ಬಂದಿರುವ ಸಾಧ್ಯತೆಯೂ ಇದೆ. ಸಾಫ್ಟ್‌ವೇರನ್ನು ಲೆಕ್ಕದಿಂದ ಬಿಡಬೇಕೆಂದರೆ ಯುಎಸ್‌ಬಿ ಡ್ರೈವಿನಿಂದ ಲಿನಕ್ಸ್ (ವಿಂಡೋಸಿಗೆ ಬದಲಾಗಿ ಬಳಸುವ ಕಾರ್ಯಾಚರಣಾ ವ್ಯವಸ್ಥೆ) ಬೂಟ್ ಮಾಡಿ, ಏನನ್ನೂ ಇನ್‌ಸ್ಟಾಲ್ ಮಾಡದೆ ಕೆಲವು ಗಂಟೆ ಭಾರವಾದ ಕೆಲಸ ಕೊಟ್ಟು ನೋಡಿ. ಅಲ್ಲಿಯೂ ಕ್ರ್ಯಾಶ್ ಆದರೆ ದೋಷ ಹಾರ್ಡ್‌ವೇರಿನದ್ದೆಂದು ಬಹುಮಟ್ಟಿಗೆ ನಂಬಬಹುದು. ಆಗದಿದ್ದರೆ ಹಾರ್ಡ್‌ವೇರ್ ಸರಿಯಿದೆ ಎಂದು ತೀರ್ಮಾನಿಸಬೇಡಿ, ಏಕೆಂದರೆ ಆ ಹೊತ್ತಿನಲ್ಲಿ ಒಳಗಿನ ಡಿಸ್ಕಿಗೆ ಕೆಲಸವೇ ಇರುವುದಿಲ್ಲ.

ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಯುಎಸ್‌ಬಿಯಿಂದಲೇ ಬೂಟ್ ಮಾಡಿ ರಾತ್ರಿಯಿಡೀ ಓಡಿಸಿ. ದೋಷ ಕಂಡುಬಂದು, ಎರಡು ರ‍್ಯಾಮ್ ಪಟ್ಟಿಗಳಿದ್ದರೆ, ಯಂತ್ರ ಆಫ್ ಮಾಡಿ, ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿಯ ಕನೆಕ್ಟರನ್ನೂ ಬಿಡಿಸಿದ ಮೇಲೆ ಒಂದು ಪಟ್ಟಿಯನ್ನು ಹೊರತೆಗೆದು ಉಳಿದದ್ದನ್ನು ಒಂದೊಂದೇ ಸ್ಲಾಟಿನಲ್ಲಿ ಹಾಕಿ ಪರೀಕ್ಷಿಸಬೇಕು. ಆಮೇಲೆ ಇನ್ನೊಂದು ಪಟ್ಟಿಯದೂ ಇದೇ ಕ್ರಮ. ಪಟ್ಟಿ ಹೋದಲ್ಲೆಲ್ಲ ದೋಷವೂ ಹೋದರೆ ಪಟ್ಟಿ ಕೆಟ್ಟಿದೆ, ಯಾವ ಪಟ್ಟಿ ಹಾಕಿದರೂ ಒಂದೇ ಸ್ಲಾಟಿನಲ್ಲಿ ದೋಷ ಬಂದರೆ ಸ್ಲಾಟ್ ಅಥವಾ ಬೋರ್ಡ್ ಕೆಟ್ಟಿದೆ. ಬಿಚ್ಚಿ ಸರಿಯಾಗಿ ಕೂರಿಸಿದ್ದರಿಂದಲೇ ತೊಂದರೆ ಹೋಗುವುದೂ ಉಂಟು. ರ‍್ಯಾಮನ್ನು ಬೋರ್ಡಿಗೆ ಬೆಸುಗೆ ಹಾಕಿರುವ ತೆಳು ಮಾದರಿಗಳಲ್ಲಿ ಮಾತ್ರ ಈ ದಾರಿಯಿಲ್ಲ.

ಭಾರವಾದ ಕೆಲಸದಲ್ಲಷ್ಟೇ ಯಂತ್ರ ನಿಲ್ಲುತ್ತಿದ್ದರೆ ಬಿಸಿ ಮತ್ತು ವಿದ್ಯುತ್ ಎರಡನ್ನೂ ನೋಡಬೇಕು. ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಉಷ್ಣಾಂಶವನ್ನು ಕಡತಕ್ಕೆ ಬರೆಯುವ ವ್ಯವಸ್ಥೆಯಿದೆ. ಕ್ರ್ಯಾಶ್ ಆದ ಮೇಲೆ ಅದರ ಕೊನೆಯ ಸಾಲುಗಳನ್ನು ಓದಿ. ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಗರಿಷ್ಠ ಮಿತಿ ಸಾಮಾನ್ಯವಾಗಿ 95ರಿಂದ 105 ಡಿಗ್ರಿ ಸೆಲ್ಸಿಯಸ್ ಆಗಿದ್ದು, ಆ ಮಿತಿ ಮುಟ್ಟಿದಾಗ ಅವು ಮೊದಲು ವೇಗ ತಗ್ಗಿಸಿಕೊಳ್ಳುತ್ತವೆ, ಅದೂ ಸಾಲದಾದಾಗಲೇ ಯಂತ್ರ ನಿಲ್ಲುತ್ತದೆ. ಆದ್ದರಿಂದ ಕೆಲಸದ ನಡುವೆ 90 ಡಿಗ್ರಿ ಕಂಡಿತೆಂದು ಗಾಬರಿಯಾಗಬೇಕಿಲ್ಲ, ಸುಮ್ಮನೆ ಕೂತಿರುವಾಗಲೂ 80 ಇದ್ದರೆ ಫ್ಯಾನ್ ಮತ್ತು ಅದರೆದುರಿನ ಲೋಹದ ಪದರಗಳ ನಡುವೆ ಧೂಳು ಗಟ್ಟಿಯಾಗಿ ಕೂತಿದೆಯೇ ಎಂದು ನೋಡಿ. ಐದು ವರ್ಷದ ಯಂತ್ರದಲ್ಲಿ ಪ್ರೊಸೆಸರಿನ ಬಿಸಿಯನ್ನು ಹೊರಸಾಗಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರುವ ಸಾಧ್ಯತೆಯೂ ಇದೆ.

ಬಿಸಿ ಮಿತಿಯಲ್ಲಿದ್ದೂ ಯಂತ್ರ ದಿಢೀರನೆ ಆಫ್ ಆದರೆ ಒಂದೇ ಕೆಲಸವನ್ನು ಬ್ಯಾಟರಿಯ ಮೇಲೊಮ್ಮೆ, ಬ್ಯಾಟರಿ ಬಿಡಿಸಿ ಚಾರ್ಜರ್ ಮೇಲೊಮ್ಮೆ ಮಾಡಿ ನೋಡಿ. ಸೊರಗಿದ ಬ್ಯಾಟರಿ 40 ಶೇಕಡಾ ತೋರಿಸುತ್ತಲೇ, ಪ್ರೊಸೆಸರ್ ಒಮ್ಮೆಗೇ ಹೆಚ್ಚು ವಿದ್ಯುತ್ ಎಳೆದಾಗ ವೋಲ್ಟೇಜ್ ಹಿಡಿದಿಡಲಾರದೆ ಕೈಬಿಡುತ್ತದೆ. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ತಳಭಾಗ ಉಬ್ಬಿದ್ದರೆ ಯಾವ ಪರೀಕ್ಷೆಯನ್ನೂ ಮಾಡದೆ ತಕ್ಷಣ ಯಂತ್ರವನ್ನು ಆಫ್ ಮಾಡಿ. ಬ್ಯಾಟರಿ ಊದಿಕೊಂಡಿರಬಹುದು, ಅದಕ್ಕೆ ಬೆಂಕಿ ಹತ್ತುವ ಅಪಾಯವಿರುವುದರಿಂದ ಚಾರ್ಜ್ ಮಾಡಬಾರದು, ಒತ್ತಿ ಕೂರಿಸಲೂಬಾರದು.

ಡಿಸ್ಕಿನ ಸ್ಥಿತಿಯನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೋರಿಸುತ್ತದೆ. ಕೆಟ್ಟ ಸೆಕ್ಟರ್‌ಗಳಿಗೆ (ಡಿಸ್ಕಿನಲ್ಲಿ ದತ್ತಾಂಶ ಇಡುವ ಚಿಕ್ಕ ಭಾಗಗಳಿಗೆ) ಬದಲಾಗಿ ಬಳಸಿದ ಬದಲಿ ಸೆಕ್ಟರ್‌ಗಳ ಅಥವಾ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಿಸುವುದೊಂದೇ ದಾರಿ.

ಇಷ್ಟೆಲ್ಲ ಸರಿಯಿದ್ದು, ಯಂತ್ರವನ್ನು ಎತ್ತಿದಾಗ ಅಥವಾ ಅದರ ಒಂದು ಮೂಲೆಯನ್ನು ಒತ್ತಿದಾಗ ಅದು ನಿಲ್ಲುತ್ತಿದ್ದರೆ ಬೋರ್ಡಿನ ಬೆಸುಗೆ ಬಿರುಕುಬಿಟ್ಟಿರಬಹುದು. ರಿಪೇರಿಯವರ ಮಾತನ್ನು ಒಪ್ಪಲು ಆಗ ನಿಮ್ಮ ಕೈಯಲ್ಲಿ ಕಾರಣವಿರುತ್ತದೆ.

ಪ್ರಶ್ನೆ: ರಾತ್ರಿಯಿಡೀ ನಡೆಸಿದ ಮೆಮೊರಿ ಪರೀಕ್ಷೆಯಲ್ಲಿ ಒಂದೇ ಒಂದು ದೋಷ ಬಂದಿತು, ಮರುದಿನ ಬರಲಿಲ್ಲ. ಇದನ್ನು ಕಡೆಗಣಿಸಬಹುದೇ?

ಉತ್ತರ: ಕಡೆಗಣಿಸಬೇಡಿ. ಸರಿಯಾಗಿರುವ ರ‍್ಯಾಮಿನಲ್ಲಿ ಇಂತಹ ಪರೀಕ್ಷೆಯಲ್ಲಿ ಒಂದು ದೋಷವೂ ಬರಬಾರದು. ಕ್ರ್ಯಾಶ್ ಆದರೆ ಕಣ್ಣಿಗಾದರೂ ಕಾಣುತ್ತದೆ, ಆದರೆ ಕೆಟ್ಟ ರ‍್ಯಾಮ್ ಯಾವ ಸದ್ದೂ ಇಲ್ಲದೆ ತಪ್ಪು ದತ್ತಾಂಶವನ್ನು ನಿಮ್ಮ ಕಡತಗಳಿಗೆ ಬರೆಯಬಲ್ಲದು, ಅದೇ ಕಡತಗಳು ಬ್ಯಾಕಪ್ ಸೇರುತ್ತವೆ. ಪಟ್ಟಿಗಳನ್ನು ಒಂದೊಂದಾಗಿ ಪರೀಕ್ಷಿಸಿ ದೋಷವಿರುವುದನ್ನು ಬದಲಿಸುವವರೆಗೆ ಹಳೆಯ ಬ್ಯಾಕಪ್‌ನ ಮೇಲೆ ಹೊಸದನ್ನು ಬರೆಯಬೇಡಿ.