ಯುದ್ಧದ ತೀರ್ಮಾನವನ್ನು ಜನಾಭಿಪ್ರಾಯ ನೋಡಿ ಮಾಡಬೇಕಾ?

"ಜನ ಬೇಕು ಅಂದರೆ ಯುದ್ಧ, ಬೇಡ ಅಂದರೆ ಇಲ್ಲ, ಇಷ್ಟೇ ಅಲ್ವಾ?" ಎಂದು ಕೇಳಿದ್ದೀರಿ. ಅರ್ಧ ಒಪ್ಪುತ್ತೇನೆ. ಜನ ಬೇಡ ಅಂದಾಗ ನಾಯಕರು ಕಿವಿಗೊಡಲೇಬೇಕು. ಬೇಕು ಅಂದಾಗ ಮಾತ್ರ ಇನ್ನೊಮ್ಮೆ ಯೋಚಿಸಬೇಕು.

ಯಾಕೆಂದರೆ ಯುದ್ಧದ ಹುಮ್ಮಸ್ಸು ಬೇಗ ಇಳಿಯುತ್ತದೆ. 2003ರಲ್ಲಿ ಇರಾಕ್ ಮೇಲೆ ದಾಳಿ ಶುರುವಾದಾಗ ಅಮೆರಿಕದಲ್ಲಿ ಹತ್ತರಲ್ಲಿ ಸುಮಾರು ಏಳು ಜನ ಸರಿ ಅಂದಿದ್ದರು. ಕೆಲವೇ ವರ್ಷಗಳಲ್ಲಿ ಜಾಸ್ತಿ ಜನ ಅದು ತಪ್ಪು ಅಂದರು. ಮನಸ್ಸು ಬದಲಾಯಿಸಿದಷ್ಟು ಸುಲಭವಾಗಿ ಸೈನ್ಯ ವಾಪಸ್ ಕರೆಸಲು ಆಗುತ್ತದೆಯೇ? ಇನ್ನೊಂದು ವಿಷಯ, ಜನಾಭಿಪ್ರಾಯ ಸುಮ್ನೆ ಹುಟ್ಟುವುದಿಲ್ಲ. ಇರಾಕ್ ಬಳಿ ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂದು ಹೇಳಿದ್ದೇ ಅಮೆರಿಕ ಸರ್ಕಾರ. ಆಮೇಲೆ ಹುಡುಕಿದರೆ ಅಂಥ ದಾಸ್ತಾನು ಸಿಗಲಿಲ್ಲ. ತಾವೇ ಹೆದರಿಸಿ, ಜನ ಕೇಳಿದ್ದಕ್ಕೆ ಮಾಡಿದೆವು ಅಂದರೆ ಹೇಗೆ?

ಹಾಗಂತ ಶಾಂತಿ ಬೇಕೆನ್ನುವ ಜನ ಯಾವಾಗಲೂ ಸರಿ ಅಂತಲೂ ಅಲ್ಲ. 1938ರಲ್ಲಿ ಯುದ್ಧ ತಪ್ಪಿಸಲು ಜೆಕೊಸ್ಲೊವಾಕಿಯಾದ ಒಂದು ಭಾಗವನ್ನು ಹಿಟ್ಲರ್‌ಗೆ ಬಿಟ್ಟುಕೊಡುವ ಮ್ಯೂನಿಕ್ ಒಪ್ಪಂದ ಮಾಡಿಕೊಂಡು ಬಂದ ಬ್ರಿಟನ್ ಪ್ರಧಾನಿ ಚೇಂಬರ್ಲೇನ್‌ಗೆ ಲಂಡನ್ನಿನ ಜನ ಜೈಕಾರ ಹಾಕಿದ್ದರು. ಮರುವರ್ಷವೇ ಯುದ್ಧ ಬಂತು.

ನನ್ನ ಪ್ರಕಾರ, ಸಮೀಕ್ಷೆಯ ಅಂಕಿಗಿಂತ ಸಂಸತ್ತಿನಲ್ಲಿ ಬಹಿರಂಗ ಚರ್ಚೆ, ಮತದಾನ ವಾಸಿ. ಯಾರು ಏನು ಹೇಳಿ ಕೈ ಎತ್ತಿದರು ಎಂಬುದು ದಾಖಲೆಯಲ್ಲಿ ಉಳಿಯುತ್ತದೆ. 2013ರ ಆಗಸ್ಟ್‌ನಲ್ಲಿ ಸಿರಿಯಾದಲ್ಲಿ ಸೇನಾ ಕ್ರಮದ ಪ್ರಸ್ತಾಪ ಬ್ರಿಟನ್ ಸಂಸತ್ತಿನಲ್ಲಿ 285–272 ಮತಗಳಿಂದ ಬಿದ್ದುಹೋಯಿತು. ಪ್ರಧಾನಿ ಕ್ಯಾಮರೂನ್ ಅದನ್ನು ಅಲ್ಲಿಗೇ ಕೈಬಿಟ್ಟರು. ದೇಶದ ಮೇಲೇ ದಾಳಿಯಾದರೆ ಇಷ್ಟೆಲ್ಲ ಕಾಯಲು ಆಗುವುದಿಲ್ಲ, ಆ ಮಾತು ಬೇರೆ.