ದೊಡ್ಡ ಮ್ಯಾಚ್ ಆಡಿಸುವ ಫುಟ್‌ಬಾಲ್ ರೆಫರಿಗೇ ಟೆನ್ಷನ್ ಜಾಸ್ತಿನಾ?

ಸಾಮಾನ್ಯವಾಗಿ ಇಲ್ಲ. ಲೋಕಲ್ ಲೀಗ್‌ನ ಹೊಸ ರೆಫರಿಗೇ ಆತಂಕ ಹೆಚ್ಚು ಕಾಡುತ್ತದೆ. ಎದೆ ಇಬ್ಬರಿಗೂ ಢವಢವ ಅನ್ನುತ್ತದೆ. ಪಳಗಿದವರು ಅದನ್ನು ‘ಮೈ ರೆಡಿಯಾಗಿದೆ’ ಅಂದುಕೊಳ್ಳುತ್ತಾರೆ. ಹೊಸಬರಿಗೆ ಅದೇ ‘ಇವತ್ತು ಎಡವಟ್ಟು ಗ್ಯಾರಂಟಿ’ ಅನಿಸುತ್ತದೆ. ಈ ಚಿಂತೆ ಗಮನವನ್ನೇ ತಿಂದುಹಾಕುತ್ತದೆ. ಹಿಂದಿನ ತೀರ್ಪು ತಲೆಯಲ್ಲಿ ಸುತ್ತುತ್ತಿದ್ದರೆ, ಮುಂದಿನ ಫೌಲ್ ಕಣ್ಣೆದುರೇ ಆದರೂ ಸೀಟಿ ಊದುವುದು ತಡವಾಗುತ್ತದೆ.

ಜೊತೆಗಿರುವ ಬಲವೂ ಬೇರೆ. ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಮ್ಯಾಚ್ ಆಡಿಸುವವರಿಗೆ ಇಬ್ಬರು ಸಹಾಯಕರು, ನಾಲ್ಕನೇ ರೆಫರಿ, ಕಿವಿಯಲ್ಲಿ ಹೆಡ್‌ಸೆಟ್ ಇರುತ್ತವೆ. ಓಟದ ಟ್ರ್ಯಾಕ್ ಇರುವುದರಿಂದ ಗ್ಯಾಲರಿಯೂ ಸ್ವಲ್ಪ ದೂರ. ಏರಿಯಾ ಮೈದಾನದಲ್ಲಿ ಗೆರೆ ಪಕ್ಕದಲ್ಲೇ ನಿಂತವರ ‘ಏನ್ ಗುರು, ಕಣ್ ಕಾಣಲ್ವಾ?’ ನೇರವಾಗಿ ಕಿವಿಗೇ ಬೀಳುತ್ತದೆ. ಒಂಟಿ ರೆಫರಿಗೆ ಅದು ಸುಮ್ನೆ ಮಾತಲ್ಲ.

ಹಾಗಂತ ಮೇಲಿನವರು ಆರಾಮಾಗಿರುತ್ತಾರೆ ಅಂತಲ್ಲ. 2023ರ ಮಾರ್ಚ್ 3ರಂದು ಕಂಠೀರವದಲ್ಲೇ, ಎದುರಾಳಿಗಳು ಸಜ್ಜಾಗುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಥಟ್ಟನೆ ಹೊಡೆದ ಫ್ರೀ ಕಿಕ್ಕನ್ನು ರೆಫರಿ ಗೋಲ್ ಅಂದರು. ಅದನ್ನು ಒಪ್ಪದ ಎದುರಾಳಿ ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟೇ ನಡೆಯಿತು. ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆಯೂ ಅಲ್ಲಿರಲಿಲ್ಲ. ತೀರ್ಪು ಮಾತ್ರ ಬದಲಾಗಲಿಲ್ಲ.